ಲಾರಿ ಮಾಮನ ರೈಲು

ಕಾಕ್ಕನಾಡಿನ ಬಾಡಿಗೆ ಫ್ಲ್ಯಾಟಿಗೆ ನಮ್ಮ ಸಾಮಾನು ಬಂದು ಇಳಿದದ್ದು ಒಂದು ಶನಿವಾರ ಬೆಳಿಗ್ಗೆ. ಅದಕ್ಕೆ ಮೊದಲು ನಾಲ್ಕು ವರ್ಷ ನಾನು ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿದ್ದೆ. ಹೆಂಡತಿ, ಮಗ ಉಡುಪಿಯಲ್ಲಿ. ಎರಡು ವಾರಕ್ಕೊಮ್ಮೆ ರಾತ್ರಿ ರೈಲು ಹತ್ತಿ ಹೋಗಿ, ಭಾನುವಾರ ಸಂಜೆ ಮಗ ಮಲಗಿದ ಮೇಲೆ ಕಳ್ಳನ ಹಾಗೆ ಎದ್ದು ಬರುವ ಸಂಸಾರ. ಕೊಚ್ಚಿಯ ಇನ್ಫೋಪಾರ್ಕ್‌ಗೆ ಬದಲಾವಣೆ ಸಿಕ್ಕಾಗ ಇನ್ನು ಸಾಕು ಎಂದು ಎಲ್ಲರೂ ಒಂದೇ ಊರಿಗೆ ಬಂದೆವು. ಸಾಮಾನು ಉಡುಪಿಯಿಂದ ಹೊರಟಿತು. ಇಡೀ ಲಾರಿ ತುಂಬುವಷ್ಟು ಇರಲಿಲ್ಲ. ಎರ್ನಾಕುಲಂಗೆ ಬೇರೆ ಸರಕು ಹೊತ್ತು ಬರುವ ಲಾರಿಯ ಹಿಂದಿನ ಕಾಲು ಭಾಗ ನಮ್ಮದು.

ಲಾರಿಯ ನಂಬರು ಕೆಎ 19. ಡ್ರೈವರ್ ಐವತ್ತು ದಾಟಿದವರು, ಮೂಲ್ಕಿ ಕಡೆಯವರು. ಹೆಸರು ಪತ್ರಿಕೆಯಲ್ಲಿ ಬೇಡ ಎಂದಿದ್ದಾರೆ. ನನ್ನ ಹೆಂಡತಿ ತುಳುವಿನಲ್ಲಿ ಎರಡು ಮಾತಾಡಿದ್ದೇ ತಡ, ಅವರು ನಮ್ಮ ಮನೆಯವರೇ ಆಗಿಬಿಟ್ಟರು. ತುಮಕೂರು ಕಡೆಯವನಾದ ನಾನು ಕನ್ನಡದಲ್ಲೇ 'ಅಣ್ಣ' ಎಂದೆ. ಮಗನಿಗೆ ಅವರು ಮೊದಲ ದಿನದಿಂದಲೂ 'ಲಾರಿ ಮಾಮ'.

ಸಾಮಾನು ಇಳಿಸುವಾಗ ನನಗಿದ್ದ ಭಯ ಬೇರೆಯೇ. ಕೇರಳಕ್ಕೆ ಬಂದವರೆಲ್ಲ ಹೇಳುವ ಕತೆ ಅದು: ನೋಕ್ಕು ಕೂಲಿ. ಸಾಮಾನು ಮುಟ್ಟದೆ ಬರಿದೇ ನಿಂತು ನೋಡಿದ್ದಕ್ಕೂ ಕೂಲಿ ಕೇಳುವುದು. 2018ರ ಮೇ 1ರಿಂದ ಸರ್ಕಾರ ಅದನ್ನು ನಿಷೇಧಿಸಿದೆ, ಹೈಕೋರ್ಟ್ ಕೂಡ ಕಟುವಾಗಿ ಹೇಳಿದೆ. ಆದರೂ ನಾನು ಜೇಬಿನಲ್ಲಿ ನೋಟು ಎಣಿಸಿಟ್ಟುಕೊಂಡು ಕಾಯುತ್ತಿದ್ದೆ. ನಾಲ್ವರು ಬಂದರು, ದರ ಹೇಳಿದರು, ಫ್ರಿಜ್ಜನ್ನು ಮಗುವಿನ ಹಾಗೆ ಎತ್ತಿ ಇಟ್ಟರು, ರಸೀದಿ ಕೊಟ್ಟು ಹೋದರು. ಅಷ್ಟೇ. ನಾನು ಸಮಾಧಾನದಿಂದ ಏನೋ ಹಗುರ ಮಾತಾಡಿದೆ. ಅಣ್ಣನಿಗೆ ಅದು ಹಿಡಿಸಲಿಲ್ಲ.

"ಅವರನ್ನು ಬೈಯುವುದು ಸುಲಭ ಮಾರಾಯ್ರೆ. ಇಲ್ಲಿ ಲೋಡ್ ಇಳಿಸುವವನಿಗೆ 1978ರ ಒಂದು ಕಾಯ್ದೆ ಉಂಟು, ಬೋರ್ಡ್ ಉಂಟು, ದರಪಟ್ಟಿ ಉಂಟು. ನಾಲ್ಕುನೂರು ಕಿಲೋಮೀಟರ್ ನಿದ್ದೆಗೆಟ್ಟು ಅದನ್ನು ತಂದವನಿಗೆ ಎಂತ ಉಂಟು?"

ಆ ಹೊತ್ತಿಗೆ ಒಂದು ರಟ್ಟಿನ ಪೆಟ್ಟಿಗೆಯ ತಳ ಬಿಚ್ಚಿಕೊಂಡು ಮಗನ ಆಟದ ರೈಲು ಮೆಟ್ಟಿಲ ಮೇಲೆ ಚೆಲ್ಲಿತು. ಅಣ್ಣ ಬಗ್ಗಿ ಒಂದು ಡಬ್ಬಿ ಎತ್ತಿಕೊಂಡು, ಚಕ್ರದ ನಡುವಿನ ಅಂತರಕ್ಕೆ ಕಿರುಬೆರಳು ಇಟ್ಟು ನೋಡಿ, "ಇದು ಎಚ್‌ಒ ಅಲ್ವಾ?" ಎಂದರು.

ನಾನು ಬೆಚ್ಚಿದೆ. ಆನ್‌ಲೈನ್‌ನಲ್ಲಿ ಅದನ್ನು ಕೊಂಡಾಗ ಪೆಟ್ಟಿಗೆಯ ಮೇಲೆ ಎಚ್‌ಒ ಎಂದು ಬರೆದಿದ್ದುದನ್ನು ಕಂಪನಿಯ ಹೆಸರೋ ಏನೋ ಎಂದುಕೊಂಡಿದ್ದೆ. ಅದು ಅಳತೆಯ ಹೆಸರು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. "ಆದರೆ ಇದು ನಮ್ಮ ರೈಲಿನ ಲೆಕ್ಕ ಅಲ್ಲ, ಯುರೋಪಿನದ್ದು" ಎಂದರು ಅಣ್ಣ. ನಾನು ಮೊಬೈಲ್ ತೆಗೆದು ಗುಣಿಸಿ ನೋಡಿದೆ. 16.5 ಅನ್ನು 87ರಿಂದ ಗುಣಿಸಿದರೆ 1,435 ಮಿ.ಮೀ., ಅದು ಅಲ್ಲಿನ ಗೇಜು. ನಮ್ಮ ಬ್ರಾಡ್‌ಗೇಜ್ 1,676. ಅದಕ್ಕೆ ಸರಿಹೊಂದಬೇಕಾದರೆ ಹಳಿಗಳ ನಡುವೆ 19 ಮಿ.ಮೀ.ಗೂ ಹೆಚ್ಚು ಬೇಕು. "ಹಾಗಾಗಿ ನಮ್ಮ ಡಬ್ಬಿ ಮಾಡಿ ಇದರ ಮೇಲೆ ಕೂರಿಸಿದರೆ, ದಪ್ಪ ಜನ ಸಣ್ಣ ಮಣೆಯ ಮೇಲೆ ಕೂತ ಹಾಗೆ ಕಾಣ್ತದೆ."

ಲಾರಿ ಓಡಿಸುವವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಮುಖದಲ್ಲಿ ಕಂಡಿರಬೇಕು. "ರೈಲಿನಲ್ಲಿ ಲಾರಿ ಓಡಿಸಿದವನು ನಾನು" ಎಂದು ನಕ್ಕರು.

ಅದು ಸುಳ್ಳಲ್ಲ. ಕೊಂಕಣ ರೈಲ್ವೆಯ ರೋ-ರೋ. ಇಲ್ಲಿ ಕೊಚ್ಚಿಯವರಿಗೆ ರೋ-ರೋ ಎಂದರೆ ಫೋರ್ಟ್ ಕೊಚ್ಚಿಗೂ ವೈಪಿನ್‌ಗೂ ನಡುವೆ ವಾಹನ ದಾಟಿಸುವ ಜಂಕಾರ್. ಕರಾವಳಿಯ ಲಾರಿಯವರಿಗೆ ರೋ-ರೋ ಎಂದರೆ ಸರಕು ತುಂಬಿದ ಲಾರಿಯನ್ನೇ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ ರೈಲಿನಲ್ಲಿ ಒಯ್ಯುವುದು. 1999ರ ಜನವರಿಯಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾವರೆಗೆ ಶುರುವಾಯಿತು, ಆಮೇಲೆ ಸುರತ್ಕಲ್‌ವರೆಗೂ ಬಂತು. ರೈಲಿನ ಒಂದು ತುದಿಯಲ್ಲಿ ಇಳಿಜಾರು ಕಟ್ಟಿರುತ್ತಾರೆ. ಮೊದಲ ಲಾರಿ ಅದನ್ನು ಹತ್ತಿ, ವ್ಯಾಗನ್‌ನಿಂದ ವ್ಯಾಗನ್‌ಗೆ ದಾಟುತ್ತಾ ಇನ್ನೊಂದು ತುದಿಯವರೆಗೆ ಹೋಗಿ ನಿಲ್ಲಬೇಕು. ಎರಡೂ ಕಡೆ ಅಂಗೈ ಅಗಲದ ಜಾಗ. ಚಕ್ರಕ್ಕೆ ಅಡ್ಡ ಕೊಟ್ಟು ಸರಪಳಿ ಬಿಗಿಯುತ್ತಾರೆ. ಡ್ರೈವರ್ ತನ್ನ ಕ್ಯಾಬಿನ್‌ನಲ್ಲೇ ಕೂತು ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತಾನೆ.

ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ನಾನು ಎಂಟೆಕ್ ಮಾಡಿದ್ದು ಸುರತ್ಕಲ್‌ನಲ್ಲೇ. ಎರಡು ವರ್ಷ ಆ ಸ್ಟೇಷನ್‌ನಿಂದ ಊರಿಗೆ ಹೋಗಿ ಬಂದಿದ್ದೇನೆ. ಲಾರಿ ಹೊತ್ತ ರೈಲನ್ನು ಎಷ್ಟೋ ಸಲ ಕಂಡಿದ್ದೇನೆ. ಹೊಸ ಲಾರಿಗಳನ್ನು ಶೋರೂಮಿಗೆ ಸಾಗಿಸುತ್ತಾರೆ ಎಂದುಕೊಂಡಿದ್ದೆನೇ ಹೊರತು, ಪ್ರತಿಯೊಂದರಲ್ಲೂ ಒಬ್ಬ ಮನುಷ್ಯ ಕೂತಿದ್ದಾನೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಸ್ಟೇರಿಂಗ್ ಮುಂದೆ ಕೂತು ಸ್ಟೇರಿಂಗ್ ಮುಟ್ಟದ ಸುಖ ನಿಮಗೆ ಹೇಳಿದರೆ ಅರ್ಥ ಆಗ್ಲಿಕ್ಕಿಲ್ಲ" ಎಂದರು. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಎರಡು ಕಿಲೋಮೀಟರ್. ಕಾರ್ಬುಡೆ ಸುರಂಗ ಆರೂವರೆ. ರಸ್ತೆಯಲ್ಲಿ ಅದೇ ದಾರಿಯನ್ನು ಇಪ್ಪತ್ತು ವರ್ಷ ಓಡಿಸಿದವನಿಗೆ ನದಿ ಯಾವ ಬಣ್ಣ ಎಂದು ಗೊತ್ತಿರಲಿಲ್ಲವಂತೆ. ಕಣ್ಣು ರಸ್ತೆ ಬಿಟ್ಟು ಆಚೆ ಹೋಗುವ ಹಾಗಿಲ್ಲವಲ್ಲ. ರೈಲಿನ ಹುಚ್ಚು ಹಿಡಿದದ್ದು ಅಲ್ಲಿ. ಭಾವ ಮಸ್ಕತ್‌ನಿಂದ ಯಾರೋ ಬಿಟ್ಟುಹೋದ ಹಳೆಯ ಜರ್ಮನ್ ಆಟದ ರೈಲೊಂದನ್ನು ತಂದುಕೊಟ್ಟರು. ಉಳಿದದ್ದು ಅವರೇ ಮಾಡಿಕೊಂಡದ್ದು: ಥರ್ಮೋಕೋಲ್ ಗುಡ್ಡ, ಕೊಡೆ ಕಡ್ಡಿಯ ಕಂಬ, ಸನ್‌ಬೋರ್ಡಿನ ಸ್ಟೇಷನ್.

ಚಹಾ ಆಯಿತು. ಮಗ ಹಳಿ ಜೋಡಿಸಿ ಮುಗಿಸಿದ್ದ. ನಾನು ಅಡಾಪ್ಟರ್ ತೆಗೆದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಲು ಹೋದೆ. ಅಣ್ಣ ನನ್ನ ಕೈ ಹಿಡಿದರು. ಮೆಲ್ಲಗಲ್ಲ, ಗಟ್ಟಿಯಾಗಿ.

"ಇದನ್ನು ಹಾಕ್ಬೇಡಿ."

ಅಡಾಪ್ಟರನ್ನು ಅಂಗೈಯಲ್ಲಿ ತೂಗಿ, "ಇಷ್ಟು ಹಗುರ ಇದ್ದರೆ ಒಳಗೆ ಎಂತ ಉಂಟು?" ಎಂದರು. ನನ್ನ ಎಂಟೆಕ್ ಜಾಗೃತವಾಯಿತು. ಈಗಿನ ಅಡಾಪ್ಟರ್‌ಗಳಲ್ಲಿ ಹಳೆಯ ದಪ್ಪ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಹಗುರ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಮೊಬೈಲ್ ಚಾರ್ಜರ್ ಕೂಡ ಹಗುರವೇ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರಿ. ಐಎಸ್‌ಐ ಗುರುತು ಎಲ್ಲಿ ಉಂಟು ತೋರಿಸಿ" ಎಂದರು. ಇರಲಿಲ್ಲ. ಭಾರತದಲ್ಲಿ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯ, ವಿದ್ಯುತ್ ಆಟಿಕೆಗೆ ಐಎಸ್ 15644 ಎಂಬ ಬೇರೆಯದೇ ಮಾನಕ ಇದೆ. ಇದನ್ನು ಆ ರಾತ್ರಿ ಹುಡುಕಿ ಓದಿದೆ. ಸೋಮವಾರ ಆಫೀಸಿನ ಹಾರ್ಡ್‌ವೇರ್ ತಂಡದ ಗೆಳೆಯನೊಬ್ಬ ಅಡಾಪ್ಟರ್ ಬಿಚ್ಚಿದ. 230 ವೋಲ್ಟ್ ಬರುವ ಬದಿಗೂ 12 ವೋಲ್ಟ್ ಹೋಗುವ ಬದಿಗೂ ನಡುವೆ ಧಾರಾಳವಾಗಿ ಖಾಲಿ ಜಾಗ ಇರಬೇಕು. ಆ ಬೋರ್ಡಿನಲ್ಲಿ ಎರಡೂ ಬದಿಯ ತಾಮ್ರದ ಗೆರೆಗಳು ಒಂದನ್ನೊಂದು ಮುಟ್ಟಿಯೇಬಿಡುವಷ್ಟು ಹತ್ತಿರ ಇದ್ದವು. ಒಂದು ಹನಿ ನೀರು, ಅಥವಾ ಕೊಚ್ಚಿಯ ಮಳೆಗಾಲದ ತೇವ ಕುಡಿದ ಧೂಳು ಸಾಕು. ಮಗ ಮುಟ್ಟುವ ಹಳಿಗೆ ನೇರ ಮನೆಯ ಕರೆಂಟು ಬರುತ್ತಿತ್ತು. ಉಡುಪಿಯಲ್ಲಿ ಆ ಮಗು ಏಳು ತಿಂಗಳು ಅದರಲ್ಲೇ ಆಡಿದ್ದ.

ಅಣ್ಣ ಅಲ್ಲಿಗೆ ಬಿಡಲಿಲ್ಲ. ಎದ್ದು ಹೋಗಿ ಬಾಗಿಲ ಹಿಂದಿನ ಮೀಟರ್ ಪೆಟ್ಟಿಗೆ ತೆರೆದು, "ಟೆಸ್ಟ್ ಬಟನ್ ಒತ್ತಿ" ಎಂದರು. ಆರ್‌ಸಿಸಿಬಿ ಎಂದು ಬರೆದ ಸ್ವಿಚ್ಚಿನ ಮೇಲೆ ಟಿ ಅಕ್ಷರದ ಸಣ್ಣ ಬಟನ್. ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಫ್ಯಾನು ತಿರುಗುತ್ತಲೇ ಇತ್ತು.

ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಮನೆಯ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ಮೀರಿ ಹರಿದರೆ ಅದು ಬೀಳುತ್ತದೆ. ಮನುಷ್ಯನ ಪ್ರಾಣ ಹೋಗಲು ಅದರ ನೂರರಲ್ಲಿ ಒಂದು ಪಾಲು ಸಾಕು, ಎಂಸಿಬಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟನ್ನೂ ವಾಪಸು ಬಂದ ಕರೆಂಟನ್ನೂ ತಾಳೆ ನೋಡುತ್ತದೆ. ನಡುವೆ 30 ಮಿಲಿಆಂಪಿಯರ್ ಕಾಣೆಯಾದರೆ, ಅದು ಯಾರದೋ ಮೈಮೂಲಕ ನೆಲಕ್ಕೆ ಹೋಗುತ್ತಿರಬಹುದು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಆದರೆ ಅದು ಯಂತ್ರ. ವರ್ಷಗಟ್ಟಲೆ ಅಲುಗಾಡದೆ ಕೂತರೆ ಒಳಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಆ ಬಟನ್. ನಮ್ಮ ಮನೆಯದು ಸತ್ತುಹೋಗಿತ್ತು. ಕಟ್ಟಡದ ಎಲೆಕ್ಟ್ರಿಷಿಯನ್ ಸಂಜೆ ಬಂದು ಹೊಸದು ಹಾಕಿದ. ಪಕ್ಕದ ಎರಡು ಫ್ಲ್ಯಾಟಿನವರೂ ಒತ್ತಿ ನೋಡಿದರು. ಒಂದರಲ್ಲಿ ಬಿತ್ತು, ಇನ್ನೊಂದರಲ್ಲಿ ಬೀಳಲಿಲ್ಲ.

ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಈಗ ಕೇಳಿದೆ. ಅಣ್ಣ ತಕ್ಷಣ ಹೇಳಲಿಲ್ಲ. ಮಗ ಬಾಲ್ಕನಿಗೆ ಹೋದ ಮೇಲೆ ಹೇಳಿದರು.

2005ರ ಏಪ್ರಿಲ್. ಆಗ ಅವರು ಬೈಹುಲ್ಲಿನ ಲೋಡ್ ಹೊಡೆಯುತ್ತಿದ್ದರು. ಹಾವೇರಿ, ಶಿವಮೊಗ್ಗ ಕಡೆಯಿಂದ ಘಾಟಿ ಇಳಿದು ಕರಾವಳಿಗೆ. ಹುಲ್ಲಿಗೆ ತೂಕವಿಲ್ಲ, ಹಾಗಾಗಿ ಎತ್ತರಕ್ಕೆ ಒಟ್ಟುತ್ತಾರೆ. ರಸ್ತೆಗೆ ಅಡ್ಡ ಹಾಯುವ ಮಾಮೂಲಿ ಲೈನು ನೆಲದಿಂದ 5.8 ಮೀಟರ್, ಹೈಟೆನ್ಷನ್ ಲೈನು 6.1 ಮೀಟರ್ ಮೇಲಿರಬೇಕು ಎಂಬುದು ನಿಯಮ. ಹಳ್ಳಿ ರಸ್ತೆಗೆ ಮೂರು ಸಲ ಮಣ್ಣು ಹೊಡೆದು ಎತ್ತರಿಸುತ್ತಾರೆ, ಕಂಬ ಅಲ್ಲೇ ಇರುತ್ತದೆ, ತಂತಿ ಜೋತುಬೀಳುತ್ತದೆ. ಅಂಥ ಕಡೆ ಕ್ಲೀನರ್ ಹುಡುಗ ಲೋಡಿನ ಮೇಲೆ ಹತ್ತಿ ಬಿದಿರಿನಿಂದ ತಂತಿ ಎತ್ತಿ ಹಿಡಿಯುವುದು, ಲಾರಿ ಕೆಳಗೆ ದಾಟುವುದು, ಎಲ್ಲರೂ ಮಾಡುತ್ತಿದ್ದ ಕೆಲಸ. ಹಿಂದಿನ ದಿನ ಮೊದಲ ಮಳೆ ಬಿದ್ದಿತ್ತು. ಬಿದಿರು ಹಸಿಯಾಗಿತ್ತು. ತಂತಿ 11,000 ವೋಲ್ಟಿನದು.

"ಹತ್ತೊಂಬತ್ತು ವರ್ಷದ ಹುಡುಗ. ನನ್ನ ಊರಿನವನೇ. ಹತ್ತು ಅಂತ ಹೇಳಿದ್ದು ನಾನು."

ಲಾರಿಗೂ ಕರೆಂಟು ಹರಿದು ಟೈರು ಸಿಡಿಯಿತು, ಹುಲ್ಲಿಗೆ ಬೆಂಕಿ ಹತ್ತಿತು. ಇವರು ಬಾಗಿಲು ತೆರೆದು ಹಾರಿದರು. ಹೆದರಿಕೆಗೆ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಬಿದ್ದವು, ಕೈ ಬಾಗಿಲನ್ನು ಬಿಟ್ಟಿತ್ತು. ಅದರಿಂದ ಬದುಕಿದ್ದು ಎಂದು ಆಮೇಲೆ ಒಬ್ಬ ಲೈನ್‌ಮನ್ ಹೇಳಿದನಂತೆ. ಒಂದು ಕಾಲು ನೆಲದಲ್ಲಿ, ಒಂದು ಕೈ ಲಾರಿಯಲ್ಲಿ ಇದ್ದಿದ್ದರೆ ಮುಗಿಯುತ್ತಿತ್ತು. ತಂತಿ ತಾಗಿದ ಲಾರಿಯೊಳಗೆ ಇದ್ದವರು ಕರೆಂಟು ತೆಗೆಸುವವರೆಗೆ ಒಳಗೇ ಕೂರಬೇಕು. ಬೆಂಕಿ ಹತ್ತಿದರೆ ಮಾತ್ರ ಹಾರಬೇಕು, ಕಾಲು ಜೋಡಿಸಿ. ಆಮೇಲೆ ಹೆಜ್ಜೆ ಹಾಕಬಾರದು, ಜೋಡಿಸಿದ ಕಾಲಿನಲ್ಲೇ ಕುಪ್ಪಳಿಸಿ ದೂರ ಹೋಗಬೇಕು. ನೆಲದಲ್ಲೂ ಕರೆಂಟು ಹರಡಿರುತ್ತದೆ, ಒಂದು ಕಾಲಿಗೂ ಇನ್ನೊಂದಕ್ಕೂ ನಡುವೆಯೇ ವ್ಯತ್ಯಾಸ ಕೊಲ್ಲುವಷ್ಟು ಇರಬಹುದು. ಇದನ್ನು ಅಣ್ಣ ನಮ್ಮ ಹಾಲಿನಲ್ಲಿ ಹಾರಿ ತೋರಿಸಿದರು. ಐವತ್ತು ದಾಟಿದ ಮನುಷ್ಯ ಕಾಲು ಜೋಡಿಸಿ ಕುಪ್ಪಳಿಸುವುದನ್ನು ನೋಡಿ ಬಾಲ್ಕನಿಯಿಂದ ಬಂದ ಮಗ ಬಿದ್ದು ಬಿದ್ದು ನಕ್ಕ. ಅವರೂ ನಕ್ಕರು.

ಬೈಹುಲ್ಲು ಬಿಟ್ಟು ಮುಂಬೈ ಲೈನು ಹಿಡಿದದ್ದು, ರೋ-ರೋ ಹತ್ತಿದ್ದು ಅದರ ಮೇಲೆ.

ಲಾರಿ ಕೆಲಸದ ಬಗ್ಗೆ ಅವರ ಅಭಿಪ್ರಾಯಗಳು ಒಂದು ದಿಕ್ಕಿನವಲ್ಲ. ಜಿಎಸ್‌ಟಿ ಬಂದು ಚೆಕ್‌ಪೋಸ್ಟ್ ಹೋದದ್ದನ್ನು ಹೊಗಳುತ್ತಾರೆ. 2017ಕ್ಕೆ ಮೊದಲು ಮಂಜೇಶ್ವರದಲ್ಲೋ ವಾಳಯಾರ್‌ನಲ್ಲೋ ಸಾಲಿನಲ್ಲಿ ನಿಂತು ಅಡುಗೆ ಮಾಡಿ ಉಂಡ ದಿನಗಳನ್ನು ಯಾರೂ ಬಯಸುವುದಿಲ್ಲ. "ಆದರೆ ಆಗ ಕಾಯುವಾಗಲಾದರೂ ನಿದ್ದೆ ಆಗ್ತಿತ್ತು. ಈಗ ಆ ಉಳಿದ ಸಮಯವನ್ನೂ ಮಾಲೀಕ ಓಡಿಸ್ಲಿಕ್ಕೆ ಕೊಡ್ತಾನೆ." ದಿನಕ್ಕೆ ಎಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಕಾಯ್ದೆಯಲ್ಲೇ ಇತ್ತು ಎಂದೆ. "ಬರೆದದ್ದು ಉಂಟು. ಅದನ್ನು ಲಾರಿ ಹತ್ತಿ ಬಂದು ಓದಿ ಹೇಳಿದವರು ಇಲ್ಲ." 2025ರಿಂದ ತಯಾರಾಗುವ ಲಾರಿಗೆ ಎಸಿ ಕ್ಯಾಬಿನ್ ಕಡ್ಡಾಯ ಎಂಬುದು ಅವರ ಪ್ರಕಾರ ಬಂದ ನಿಯಮಗಳಲ್ಲೇ ಒಳ್ಳೆಯದು, ಅವರ ಲಾರಿ ಮಾತ್ರ ಅದಕ್ಕಿಂತ ಹಳೆಯದು. ನ್ಯಾಷನಲ್ ಪರ್ಮಿಟ್ ಲಾರಿ ಬೇರೆ ರಾಜ್ಯದೊಳಗೇ ಒಂದೂರಿನಲ್ಲಿ ತುಂಬಿ ಇನ್ನೊಂದೂರಿನಲ್ಲಿ ಇಳಿಸುವ ಹಾಗಿಲ್ಲ. ಕೊಚ್ಚಿಯಲ್ಲಿ ಖಾಲಿಯಾದರೆ ಕೇರಳದ ಹೊರಗೆ ಹೋಗುವ ಲೋಡ್ ಸಿಗುವವರೆಗೆ ಕಾಯಬೇಕು. ಎರಡು ದಿನ, ಕೆಲವೊಮ್ಮೆ ಮೂರು. ಆಗ ಅವರು ವಲ್ಲಾರ್ಪಾಡಂನ ಕಂಟೇನರ್ ರಸ್ತೆಯ ಕಡೆ ಹೋಗಿ ಇಡಪ್ಪಳ್ಳಿಯಿಂದ ಬರುವ ಗೂಡ್ಸ್ ರೈಲು ನೋಡುತ್ತಾ ಕೂರುತ್ತಾರೆ. ಆ ಹಿನ್ನೀರಿನ ಮೇಲಿನ ಸೇತುವೆ 4.62 ಕಿಲೋಮೀಟರ್. "ಎಚ್‌ಒದಲ್ಲಿ ಮಾಡಿದರೆ 53 ಮೀಟರ್. ನಿಮ್ಮ ಈ ಬಿಲ್ಡಿಂಗ್ ಸಾಲ್ಲಿಕ್ಕಿಲ್ಲ."

ಎಲ್ಲಕ್ಕಿಂತ ದೊಡ್ಡ ದೂರು ಕ್ಲೀನರ್ ಇಲ್ಲದ್ದು. ಭತ್ಯೆ ಉಳಿಸಲು ಮಾಲೀಕರು ಕ್ಲೀನರ್ ಕಳಿಸುವುದನ್ನು ನಿಲ್ಲಿಸಿ ವರ್ಷಗಳಾದವು. ರಾತ್ರಿ ಮಾತಾಡಿಸಿ ಎಚ್ಚರ ಇಡುವವರಿಲ್ಲ, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಕೂಗುವವರಿಲ್ಲ. ಅವನಿಂದ ಎಂಥೆಂಥ ಕೆಲಸ ಮಾಡಿಸುತ್ತಿದ್ದೆವು ಎಂದು ಬಲ್ಲ ಮನುಷ್ಯನೇ ಅವನು ಬೇಕಿತ್ತು ಎನ್ನುವುದು ನನಗೆ ಮೊದಲು ವಿಚಿತ್ರ ಎನಿಸಿತು. ಈಗ ಅನಿಸುವುದಿಲ್ಲ.

ಡಿಸೆಂಬರ್ ರಜೆಗೆ ಉಡುಪಿಗೆ ಹೋದಾಗ ಮೂಲ್ಕಿಯ ಅವರ ಮನೆಗೆ ಹೋದೆವು. ಒಂದು ಕೋಣೆಯ ಮೂರು ಗೋಡೆಗೂ ಹಲಗೆ. ಮಗ ಒಂದೂವರೆ ಗಂಟೆ ಮಾತಾಡಲಿಲ್ಲ, ಇದು ನಮ್ಮ ಮನೆಯಲ್ಲಿ ದಾಖಲೆ. ಸುರತ್ಕಲ್ ಯಾರ್ಡ್ ಇದೆ, ಇಳಿಜಾರು ಇದೆ, ಆರು ಚಪ್ಪಟೆ ವ್ಯಾಗನ್ ಮೇಲೆ ಆರು ಲಾರಿ. ಮೇಲೆ ತೆಳು ತಾಮ್ರದ ತಂತಿ. ಕೊಂಕಣ ರೈಲ್ವೆಯ ವಿದ್ಯುದೀಕರಣ ಮುಗಿದು 2022ರ ಜೂನ್‌ನಲ್ಲಿ ಲೋಕಾರ್ಪಣೆಯಾದ ಮೇಲೆ ಅವರು ತಮ್ಮ ಲೈನಿಗೂ ಕಂಬ ನೆಟ್ಟರಂತೆ. ನಿಜವಾದ ತಂತಿಯಲ್ಲಿ 25,000 ವೋಲ್ಟ್. ಅದನ್ನು ಮುಟ್ಟಬೇಕೆಂದಿಲ್ಲ, ಎರಡು ಮೀಟರ್ ಒಳಗೆ ಹೋಗುವುದೇ ಅಪಾಯ. ರೈಲಿನ ಮೇಲಿನ ಲಾರಿಯ ಟಾರ್ಪಾಲು ಹಾರಿತೆಂದು ಯಾರೂ ಮೇಲೆ ಹತ್ತುವ ಹಾಗಿಲ್ಲ. ಅವರ ತಂತಿಯಲ್ಲಿ ಕರೆಂಟಿಲ್ಲ, ಹಳಿಯಲ್ಲಿ 12 ವೋಲ್ಟ್. ಒಂದು ಲಾರಿಯ ಕ್ಯಾಬಿನ್‌ನಲ್ಲಿ ಮಾತ್ರ ಇಬ್ಬರು ಕೂತಿದ್ದರು. ಉಳಿದವುಗಳಲ್ಲಿ ಒಬ್ಬೊಬ್ಬರೇ. ನಾನು ಕೇಳಲಿಲ್ಲ.

ಹಲಗೆಯ ಕೆಳಗೆ ಎರಡು ಟ್ರಾನ್ಸ್‌ಫಾರ್ಮರ್ ಇದ್ದವು, ಎರಡರ ವೈರೂ ಬೇರೆ ಬೇರೆ. ಅದಕ್ಕೂ ಒಂದು ಕತೆ. ಮೊದಲು ಸ್ಟೇಷನ್ ದೀಪಗಳಿಗೆ ಕರೆಂಟು ಸಾಲದೆ ಎರಡರ 16 ವೋಲ್ಟ್ ಎಸಿ ತುದಿಗಳನ್ನು ಒಂದೇ ವೈರಿಗೆ ಕಟ್ಟಿದ್ದರಂತೆ. ಒಂದು ದಿನ ಒಂದರ ಪ್ಲಗ್ ಕಿತ್ತು ನೆಲಕ್ಕೆ ಹಾಕಿದಾಗ ಯಾಕೋ ಅನುಮಾನ ಬಂದು ಪ್ಲಗ್ಗಿನ ಪಿನ್ನಿಗೆ ಮೀಟರ್ ಹಿಡಿದರೆ 200ರ ಮೇಲೆ ತೋರಿಸಿತು. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದು ಇಲ್ಲ. ಒಂದು ಕಡೆಯಿಂದ 230 ಕೊಟ್ಟರೆ 16 ಬರುವಂತೆ, ಇನ್ನೊಂದು ಟ್ರಾನ್ಸ್‌ಫಾರ್ಮರಿನ 16 ಇದಕ್ಕೆ ಹಿಂದಿನಿಂದ ನುಗ್ಗಿ ಮತ್ತೆ ಮನೆಯ ವೋಲ್ಟೇಜ್ ಆಗಿ ಕಿತ್ತಿಟ್ಟ ಪ್ಲಗ್ಗಿನಲ್ಲಿ ನಿಂತಿತ್ತು. ಎರಡೂ ಪಿನ್ನನ್ನು ಒಟ್ಟಿಗೆ ಹಿಡಿದಿದ್ದರೆ ಆರ್‌ಸಿಸಿಬಿ ಕೂಡ ಕಾಯುತ್ತಿರಲಿಲ್ಲ. ಬಿರುಗಾಳಿಗೆ ಕರೆಂಟು ಹೋದಾಗ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಜನರೇಟರ್ ಸಿಕ್ಕಿಸುವ ಮನೆಯವರು ಕಂಬ ಹತ್ತಿದ ಲೈನ್‌ಮನ್‌ಗೆ ಮಾಡುವುದೂ ಇದೇ. ಕತ್ತಲ ಬೀದಿಯಿಂದ ಲೈನ್ ಸತ್ತಿದೆ ಎಂದು ನಂಬಿ ಅವನು ಹತ್ತಿರುತ್ತಾನೆ, ಬೀದಿಯ ಟ್ರಾನ್ಸ್‌ಫಾರ್ಮರ್ ನಮ್ಮ ಮನೆಯ 230 ಅನ್ನು 11,000 ಮಾಡಿ ಮೇಲಕ್ಕೆ ಕಳಿಸುತ್ತದೆ.

ಮಗನ ರೈಲಿಗೆ ಈಗ ಗುರುತಿರುವ ಬೇರೆ ಅಡಾಪ್ಟರ್ ಇದೆ. ಶರಾವತಿ ಸೇತುವೆಗೆ ಐಸ್‌ಕ್ರೀಮ್ ಕಡ್ಡಿ ಕೂಡಿಸುತ್ತಿದ್ದಾನೆ. ಲೆಕ್ಕದ ಪ್ರಕಾರ ಸುಮಾರು 24 ಮೀಟರ್ ಬೇಕು, ಸದ್ಯ ಸೋಫಾದಿಂದ ಟಿವಿವರೆಗೆ ಬಂದಿದೆ.

ಪ್ರತಿ ತಿಂಗಳ ಒಂದನೇ ತಾರೀಕು ನನ್ನ ಮೊಬೈಲಿಗೆ ಒಂದು ವಾಯ್ಸ್ ಮೆಸೇಜ್ ಬರುತ್ತದೆ. ಹಿಂದೆ ಲಾರಿಯ ಎಂಜಿನ್ ಸದ್ದು, ಕೆಲವೊಮ್ಮೆ ಮಳೆ. "ಬಟನ್ ಒತ್ತಿದ್ರಾ ಮಾರಾಯ್ರೆ?" ಈ ತಿಂಗಳು ಬಂದಾಗ ನಾನು ಮೀಟಿಂಗ್‌ನಲ್ಲಿದ್ದೆ. ಮನೆಗೆ ಫೋನ್ ಮಾಡಿದೆ. ಮಗ ಸ್ಟೂಲ್ ಹತ್ತಿ ಆಗಲೇ ಒತ್ತಿದ್ದನಂತೆ. ಅಮ್ಮನ ಮಿಕ್ಸಿ ನಡುವೆಯೇ ನಿಂತು, ಬೈಸಿಕೊಂಡು, ಅದನ್ನೂ ರೆಕಾರ್ಡ್ ಮಾಡಿ ಲಾರಿ ಮಾಮನಿಗೆ ಕಳಿಸಿದ್ದ.